ನೀರು ಕೊಡಬೇಡಿ ಎಂದ ಮೂರು ದಿನ

ಹೊಸದಾಗಿ ನಮ್ಮ ಇಲಾಖೆಗೆ ಸೇರುವ ಹುಡುಗರಿಗೆ, ಹುಡುಗಿಯರಿಗೆ ನಾನು ಹೇಳಬೇಕಾದದ್ದು ಹೆಚ್ಚಿಲ್ಲ. ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಥರ್ಮಾಮೀಟರ್ ತೆಗೆಯಬೇಡಿ. ಮೊದಲು ನೀರಿನ ಬಾನಿ ನೋಡಿ. ಅದರಲ್ಲಿ ನೀರಿದೆಯೇ, ಇದ್ದರೆ ದನ ಅದಕ್ಕೆ ಮೂತಿ ಇಟ್ಟಿದೆಯೇ, ಇಲ್ಲದಿದ್ದರೆ ಯಾಕಿಲ್ಲ, ಇಷ್ಟು ಕೇಳಿ. ಆಮೇಲೆ ಚೀಲ ಬಿಚ್ಚಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಎಮ್ಮೆ ಮೂರು ದಿನ ಹೇಳಿತು. ನಾನು ಕೇಳಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿ ಸೇರಿ ಸಹಾಯಕನಾಗಿಯೇ ನಿವೃತ್ತನಾದೆ. ಗಾಜಿನ ಸಿರಿಂಜು ಕುದಿಸುವುದು, ದನ ಹಿಡಿಯುವುದು, ಬಿದಿರಿನ ಗೊಟ್ಟದಿಂದ ದನದ ಗಂಟಲಿಗೆ ಔಷಧ ಸುರಿಯುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಡಾಕ್ಟರು ಇಲ್ಲದ ದಿನ ಅವರ ಕೆಲಸವನ್ನೂ ಮಾಡುತ್ತಿದ್ದೆ. ಮಾಡಬಾರದಿತ್ತು. ಒಬ್ಬ ಡಾಕ್ಟರಿಗೆ ಮೂರು ಆಸ್ಪತ್ರೆಯ ಚಾರ್ಜು ಇರುತ್ತಿದ್ದ ಕಾಲ. ರೈತರು ನಮ್ಮನ್ನೇ ಡಾಕ್ಟ್ರ ಎಂದು ಕರೆಯುತ್ತಿದ್ದರು. ಕರೆಸಿಕೊಂಡು ಕರೆಸಿಕೊಂಡು ನನಗೂ ಅದು ರೂಢಿಯಾಗಿತ್ತು.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ನಾನು ಗಂಗಾವತಿ ಕಡೆ ಇದ್ದೆ. ಒಂದು ದಿನ ವಿರೂಪಾಪುರಗಡ್ಡೆಯಿಂದ ಈರಪ್ಪ ಎಂಬ ಭತ್ತದ ರೈತ ಬಂದ. ಅವನ ಎತ್ತಿಗೆ ಮುಂಗಾಲಿನ ಕೀಲು ಬಾತು ಕುಂಟುತ್ತಿತ್ತು. ನಮ್ಮ ಸಾಹೇಬರು ಡೆಕ್ಸಾಮೆಥಸೋನ್ ಬರೆದುಕೊಟ್ಟರು. ಬಾವು ಇಳಿಸುವ ಸ್ಟೀರಾಯ್ಡ್ ಅದು. ನಾನು ಹೋಗಿ ಚುಚ್ಚಿ ಬಂದೆ. ಮರುದಿನ ಬೆಳಿಗ್ಗೆ ಈರಪ್ಪ ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದ.

"ಏನ್ ಸೂಜಿ ಮಾಡೀರಿ ಮಾರಾಯ್ರ? ನನ್ನ ಎತ್ತು ನಳ ಆಗೇತಿ. ಮ್ಯಾಲ ಕುಡಿಯೂದು, ಕೆಳಗ ಬಿಡೂದು. ಇನ್ನೆರಡು ದಿನ ಹಿಂಗ ಕುಡದ್ರ ಹೊಳಿಯಾಗ ನೀರ ಉಳಿಯಂಗಿಲ್ಲ."

ಸಾಹೇಬರು ನಕ್ಕರು. "ಕುಂಟೂದು?"

"ಅದು ಕಡಿಮಿ ಆಗೇತಿ, ಖರೆ ಹೇಳ್ಬೇಕು."

"ಆ ಔಷಧದ ಗುಣಾನ ಹಂಗ. ಉಚ್ಚಿ ಜಾಸ್ತಿ ಮಾಡ್ತೈತಿ, ಅದಕ್ಕ ನೀರಡಿಕಿ. ಕುಡೀಲಿ ಬಿಡು, ತಾನ ನಿಲ್ಲತೈತಿ."

ಸಾಹೇಬರು ಹೇಳಿದ್ದು ಅಷ್ಟೇ, ಸರಿಯಾಗಿಯೇ ಹೇಳಿದರು. ಆದರೆ ಈರಪ್ಪನನ್ನು ಬಾಗಿಲ ತನಕ ಬಿಡಲು ಹೋದವನು ನಾನು. ಎತ್ತು ಗದ್ದೆಯಲ್ಲಿ ಕೆಲಸಕ್ಕೆ ನಿಲ್ಲುವುದಿಲ್ಲ, ಹೊಳೆಗೆ ಓಡುತ್ತದೆ ಎಂದು ಅವನು ಗೊಣಗಿದಾಗ ನಾನು ಹೇಳಿದೆ: "ಅದು ಎತ್ತಿನ ನೀರಡಿಕಿ ಅಲ್ಲೋ ಈರಪ್ಪ, ಔಷಧದ ನೀರಡಿಕಿ. ಅರ್ಧ ದಿನ ಕಟ್ಟಿ ಹಾಕು, ತಾನ ಮರೀತೈತಿ."

ಅವನು ಕಟ್ಟಿ ಹಾಕಿದ. ಸಂಜೆಗೆ ಔಷಧದ ಪ್ರಭಾವ ತಾನಾಗಿಯೇ ಇಳಿದಿತ್ತು, ಎತ್ತು ಸರಿಯಾಯಿತು. ವಾರದ ಮೇಲೆ ಸಿಕ್ಕವನು, "ನಿಮ್ಮ ಸಾಹೇಬರಿಗಿಂತ ನೀವ ಛಲೋ ಹೇಳಿದ್ರಿ ಹನುಮಂತಪ್ಪಣ್ಣ" ಎಂದ. ಆ ಮಾತು ನನ್ನ ತಲೆಗೇರಿತು. ಸೂಜಿಯಿಂದ ಬರುವ ನೀರಡಿಕೆ ಸುಳ್ಳು ನೀರಡಿಕೆ, ಅದಕ್ಕೆ ಸೊಪ್ಪು ಹಾಕಬಾರದು ಎಂಬ ಒಂದು ಪಾಠವನ್ನು ನಾನೇ ಮಾಡಿಕೊಂಡೆ. ತಪ್ಪು ಮಾಡಿದಾಗ ಕೆಟ್ಟದ್ದಾಗಿದ್ದರೆ ಅಂದೇ ಕಲಿಯುತ್ತಿದ್ದೆ. ತಪ್ಪು ಮಾಡಿಯೂ ಎತ್ತು ಉಳಿದದ್ದೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಎರಡು ವರ್ಷದ ಮೇಲೆ ಯಲಬುರ್ಗಾ ತಾಲ್ಲೂಕಿಗೆ ವರ್ಗವಾಯಿತು. ಆ ತಾಲ್ಲೂಕಿನಲ್ಲೂ ಒಂದು ಮಂಗಳೂರಿದೆ, ಕರಾವಳಿಯದಲ್ಲ; ಅಲ್ಲಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಊರು. ಅದರ ಹೆಸರು ಬರೆಯುವುದಿಲ್ಲ. ಯುಗಾದಿ ಕಳೆದು ಬಿಸಿಲು ಏರಿದ್ದ ದಿನಗಳು. ಅಲ್ಲಿಂದ ಬಸಮ್ಮ ಎಂಬ ಮುದುಕಿ ಹೇಳಿ ಕಳಿಸಿದಳು. ಸೊಸೆ ಶಂಕ್ರವ್ವನಿಗೆ ತವರಿನಿಂದ ಬಂದ ಎಮ್ಮೆ ಚೊಚ್ಚಲ ಈದಿತ್ತು. ಕೆಚ್ಚಲು ಕಲ್ಲಿನಂತೆ ಬಾತು, ಬಾವು ಹೊಕ್ಕಳಿನ ತನಕ ಹರಿದಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಕರುವಿಗೆ ಮೊಲೆ ಹಿಡಿಯಲು ಆಗುತ್ತಿರಲಿಲ್ಲ. ಚಾರ್ಜಿನ ಡಾಕ್ಟರು ಕುಷ್ಟಗಿಯಲ್ಲಿದ್ದರು. ಅವರು ಬರುವ ದಿನ ಇನ್ನೂ ದೂರವಿತ್ತು.

ನನ್ನ ಚೀಲದಲ್ಲಿ ಫ್ಯುರೋಸೆಮೈಡ್ ಇತ್ತು. ನಾವು ಅದನ್ನು ನೀರಿಳಿಸುವ ಸೂಜಿ ಎನ್ನುತ್ತಿದ್ದೆವು. ಮೈಯಲ್ಲಿ ನಿಂತ ನೀರನ್ನು ಮೂತ್ರದ ದಾರಿಯಿಂದ ಹೊರಗೆ ಹಾಕುತ್ತದೆ. ಇಂಥ ಬಾವಿಗೆ ಡಾಕ್ಟರು ಅದನ್ನೇ ಕೊಡುತ್ತಿದ್ದದ್ದನ್ನು ನೋಡಿದ್ದೆ. ಕೊಟ್ಟ ಮೇಲೆ ಅವರು ಮನೆಯವರಿಗೆ ಏನು ಹೇಳುತ್ತಿದ್ದರೆಂದು ಗಮನಿಸಿರಲಿಲ್ಲ. ಆಗ ನಾನು ಸಿರಿಂಜು ತೊಳೆಯಲು ಹೋಗಿರುತ್ತಿದ್ದೆ.

ಚುಚ್ಚಿದೆ. ಗಳಿಗೆಯಲ್ಲೇ ಎಮ್ಮೆ ಧಾರಾಕಾರ ಉಚ್ಚೆ ಹೊಯ್ಯಿತು. ಬಸಮ್ಮ ಬೆರಗಾಗಿ ನೋಡಿದಳು. ನಾನು ಹೇಳಿದೆ: "ಮೂರು ದಿನ ಸೂಜಿ. ಮೂರು ದಿನ ನೀರು ಬಂದ್. ಗಂಟಲ ತೋಯುವಷ್ಟು ಮುಸುರಿ ಕೊಡ್ರಿ, ಸಾಕು."

ಶಂಕ್ರವ್ವ ಆಗ ಇಪ್ಪತ್ತೈದರ ಒಳಗಿನ ಹೆಂಗಸು. ಕರುವನ್ನು ಹಿಡಿದುಕೊಂಡು ನಿಂತಿದ್ದವಳು ಕೇಳಿದಳು, "ಈ ಬಿಸಲಾಗ ನೀರಿಲ್ದ ಹೆಂಗ ಇರತೈತ್ರಿ?"

"ಒಳಗಿನ ನೀರು ಹೊರಗ ತಗ್ಯಾಕ ನಾ ಸೂಜಿ ಮಾಡೀನಿ ತಂಗಿ. ನೀ ಮ್ಯಾಲಿಂದ ಹಾಕ್ಕೋಂತ ಹೋದ್ರ ನನ್ನ ಸೂಜಿ ಯಾತಕ್ಕ?"

ಬಸಮ್ಮ ಸೊಸೆಯ ಕಡೆ ತಿರುಗಿದಳು. "ಡಾಕ್ಟ್ರಿಗಿಂತ ನೀ ಶಾಣ್ಯಾಕಿ ಆದೇನ? ಈದ ಎಮ್ಮಿಗೆ ತಣ್ಣೀರ ಕೊಡಬಾರ್ದು ಅಂತ ನಮ್ಮವ್ವಾನೂ ಹೇಳ್ತಿದ್ಲು. ಹೋಗು, ಡಾಕ್ಟ್ರಿಗೆ ನೀರ ತಗಂಬಾ."

ಬಾಣಂತಿ ದನಕ್ಕೆ ತಣ್ಣೀರು ತೋರಿಸಬಾರದೆಂಬುದು ಆ ಕಡೆಯ ರೂಢಿ. ಅದಕ್ಕೆ ನನ್ನ ಮಾತು ಚೆನ್ನಾಗಿ ಹೊಂದಿಕೊಂಡಿತು. ಶಂಕ್ರವ್ವ ಚರಿಗೆ ತುಂಬ ನೀರು, ಒಂದು ತುಣುಕು ಬೆಲ್ಲ ತಂದಳು. ನಾನು ಎಮ್ಮೆಯ ಮುಂದೆಯೇ ನಿಂತು ಗಟಗಟ ಕುಡಿದೆ. ಅದು ನನ್ನ ಗಂಟಲನ್ನೇ ನೋಡುತ್ತಿತ್ತು.

ಎರಡನೆಯ ದಿನ ಹೋದಾಗ ಕೆಚ್ಚಲು ಅರ್ಧ ಇಳಿದಿತ್ತು. ನನಗೆ ಹಿಗ್ಗು. ಎಮ್ಮೆ ಹಗ್ಗ ಎಳೆದು, ಪಾತ್ರೆ ತೊಳೆಯುವ ಕಲ್ಲನ್ನು ನೆಕ್ಕುತ್ತಿತ್ತು. ತುಂಬಿದ ಕೊಡ ಹೊತ್ತು ಯಾರು ಅಂಗಳ ದಾಟಿದರೂ ಕತ್ತು ಆ ಕಡೆ ತಿರುಗುತ್ತಿತ್ತು. "ಅದು ಔಷಧದ ನೀರಡಿಕಿ" ಎಂದೆ. ಇನ್ನೊಂದು ಸೂಜಿ ಕೊಟ್ಟೆ.

ಮೂರನೆಯ ದಿನ ನನ್ನ ಕಣ್ಣಿಗೇ ಕಾಣಿಸಿತು. ಎಮ್ಮೆಯ ಕಣ್ಣು ಗುಳಿ ಬಿದ್ದಿದ್ದವು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸಗಣಿ ಒಣಗಿ ಗಟ್ಟಿಯಾಗಿತ್ತು. ಅದು ನೆಕ್ಕುವುದನ್ನೂ ನಿಲ್ಲಿಸಿತ್ತು. ಚೀಲ ಮುಚ್ಚಿ, ನೀರು ಕೊಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮೂರು ದಿನ ಎಂದು ನಾನೇ ಹೇಳಿದ್ದೆ. ಅಂಗಳದಲ್ಲಿ ನಾಲ್ಕು ಜನ ಕೂತಿದ್ದರು, ಡಾಕ್ಟ್ರ ಸೂಜಿಗೆ ಬಾವು ಹೆಂಗ ಇಳೀತು ನೋಡ್ರಿ ಎಂದು ಬಸಮ್ಮ ಅವರಿಗೆ ತೋರಿಸುತ್ತಿದ್ದಳು. ಮೂರನೆಯ ಸೂಜಿ ಕೊಟ್ಟು ಸೈಕಲ್ ಹತ್ತಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಹೇಳಿ ಕಳಿಸಿದರು. ನಾನು ಮುಟ್ಟುವಷ್ಟರಲ್ಲಿ ಎಮ್ಮೆ ಕಾಲು ಚಾಚಿತ್ತು. ಅಂಗಳದ ತುಂಬ ಜನ. ಬಸಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ಬಾನಿಯ ಸುತ್ತ ನೆಲ ಒದ್ದೆಯಾಗಿತ್ತು. ನಾನು ಅದನ್ನು ನೋಡಿದೆ. ನೋಡಿದ ಕೂಡಲೇ ನನಗೊಂದು ದಾರಿ ಸಿಕ್ಕಿತು.

"ನೀರ ಕೊಟ್ಟೀರೇನು?"

ಶಂಕ್ರವ್ವ ಗೋಡೆಗೆ ಆತು ನಿಂತಿದ್ದಳು. "ನಿನ್ನೆ ಸಂಜಿಕ ಎರಡು ಕೊಡ ಕೊಟ್ಟೆ ರೀ. ನೋಡಾಕ ಆಗಲಿಲ್ಲ ನನಗ. ಒಂದ ಉಸುರಿಗೆ ಕುಡೀತು."

"ಅದಕ್ಕ ಸತ್ತೈತಿ," ಎಂದೆ. "ಬ್ಯಾಡ ಅಂದಿದ್ನಿಲ್ಲ?"

ಬಸಮ್ಮ ಅಳು ನಿಲ್ಲಿಸಿ ಸೊಸೆಯನ್ನು ನೋಡಿದಳು. ಆ ನೋಟವನ್ನು ನಾನು ಪೂರ್ತಿ ನೋಡಲಿಲ್ಲ. ಚೀಲ ತೆಗೆದುಕೊಂಡು ಹೊರಟೆ.

ವಾರದ ಮೇಲೆ ಚಾರ್ಜಿನ ಡಾಕ್ಟರು ಬಂದು ರಿಜಿಸ್ಟರ್ ನೋಡಿದರು. "ನೀರಿಳಿಸೂ ಸೂಜಿ ಕೊಟ್ಟಾಗ ನೀರ ಬಂದ್ ಮಾಡಿದ್ದಿ ಏನೋ ಹನುಮಂತಪ್ಪ?" ಎಂದು ನೇರವಾಗಿ ಕೇಳಿದರು. "ಇಲ್ರಿ ಸರ್" ಎಂದೆ. ಅವರು ನನ್ನ ಮುಖ ನೋಡುತ್ತಾ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ಸಹಿ ಹಾಕಿದರು. ಅವರು ಕೇಳಿದ ರೀತಿಯಲ್ಲೇ ನನಗೆ ಗೊತ್ತಾಗಬೇಕಿತ್ತು. ಅರ್ಧ ಗೊತ್ತಾಯಿತು. ಇನ್ನರ್ಧವನ್ನು ನಾನು ಕೇಳಲಿಲ್ಲ.

ಆಮೇಲೆ ನನ್ನಲ್ಲಿ ಒಂದು ಬದಲಾವಣೆಯಾಯಿತು. ನೀರಿನ ವಿಷಯ ಮಾತಾಡುವುದನ್ನೇ ಬಿಟ್ಟೆ. ಕೊಡಿ ಎಂದೂ ಹೇಳುತ್ತಿರಲಿಲ್ಲ, ಬೇಡ ಎಂದೂ ಹೇಳುತ್ತಿರಲಿಲ್ಲ. ಅದರಿಂದ ಇನ್ನೊಂದು ಜೀವ ಹೋಯಿತು. ಕುಷ್ಟಗಿಯಲ್ಲಿದ್ದಾಗ ಕುರಿಗಾರ ಯಂಕಪ್ಪನ ಟಗರಿಗೆ ಕೊಂಬು ಒಳಗೆ ಬೆಳೆದು ಕಣ್ಣಿಗೆ ಚುಚ್ಚುತ್ತಿತ್ತು. ಡಾಕ್ಟರು ಮಂಪರಿನ ಸೂಜಿ ಕೊಟ್ಟು ಕೊಂಬು ಕೊಯ್ದು, ಮನೆಗೆ ಹೊಡೆದುಕೊಂಡು ಹೋಗುವ ಮುಂಚೆ ಏನೇನು ಮಾಡಬೇಕೋ ಹೇಳಿ ಕಳಿಸು ಎಂದು ನನಗೆ ಒಪ್ಪಿಸಿ ಹೋದರು. ಮಂಪರು ಇಳಿಯುವ ತನಕ ಪ್ರಾಣಿಗೆ ನೀರು ಬೇಕೆನಿಸುವುದಿಲ್ಲ, ನುಂಗುವ ಶಕ್ತಿಯೂ ಇರುವುದಿಲ್ಲ, ಒತ್ತಾಯದಿಂದ ಕುಡಿಸಬಾರದು. ಇದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಟಗರು ನೀರಿಗೆ ಮೂತಿ ಇಡಲಿಲ್ಲವೆಂದು ಯಂಕಪ್ಪ ಹೆದರಿ ಗೊಟ್ಟದಿಂದ ನೀರು ಸುರಿದ. ನೀರು ಶ್ವಾಸಕೋಶಕ್ಕೆ ಹೋಗಿ ಮೂರು ದಿನಕ್ಕೆ ಟಗರು ಸತ್ತಿತು.

"ಒಂದ ಮಾತ ಹೇಳಿದ್ರ ಏನ್ ಹೋಗ್ತಿತ್ರೀ ನಿಮ್ದು?" ಎಂದು ಯಂಕಪ್ಪ ಕೇಳಿದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಗಾಜಿನ ಸಿರಿಂಜು ಹೋಗಿ ಒಮ್ಮೆ ಬಳಸಿ ಎಸೆಯುವ ಸಿರಿಂಜು ಬಂದವು. ಸೈಕಲ್ ಹೋಗಿ ಮೋಟರ್ ಸೈಕಲ್ ಬಂತು. ನಾನು ಕೊಪ್ಪಳಕ್ಕೆ ಬಂದೆ. ಅಲ್ಲಿಗೆ ಹೊಸದಾಗಿ ಬಂದ ಡಾಕ್ಟರು ನನ್ನ ಮಗಳ ವಯಸ್ಸಿನವರು. ಎಲ್ಲರೂ ಮೇಡಮ್ ಎನ್ನುತ್ತಿದ್ದರು. ಅವರು ನನ್ನನ್ನು ಕಾಕಾ ಎನ್ನುತ್ತಿದ್ದರು. ಒಂದು ದಿನ ಭಾಗ್ಯನಗರದ ನೇಕಾರರೊಬ್ಬರ ಮನೆಗೆ ಹೋದೆವು. ಮುದಿ ನಾಯಿ, ಹೃದಯ ಸೋತು ಹೊಟ್ಟೆಯಲ್ಲಿ ನೀರು ತುಂಬಿತ್ತು. ಮೇಡಮ್ ಹಿಂದಿನ ವಾರ ನೀರಿಳಿಸುವ ಗುಳಿಗೆ ಬರೆದಿದ್ದರು. ಮನೆಯವರು ಮಗ್ಗದ ಕೋಣೆಯಲ್ಲಿ ಉಚ್ಚೆ ಮಾಡುತ್ತದೆಂದು ನೀರಿನ ಬಟ್ಟಲು ಎತ್ತಿಟ್ಟಿದ್ದರು. ನಾಯಿ ಬಚ್ಚಲ ತೂತಿಗೆ ನಾಲಿಗೆ ಹಾಕಿ ಮಲಗಿತ್ತು.

ಮೇಡಮ್ ಮೊದಲು ತಾವೇ ಬಟ್ಟಲು ತುಂಬಿ ಇಟ್ಟರು. ಆಮೇಲೆ ಮಾತಾಡಿದರು. ವಾಪಸು ಬರುವಾಗ ನಾನು ಕೇಳಿದೆ, "ಅದು ಔಷಧದ ನೀರಡಿಕಿ ಅಲ್ಲೇನ್ರಿ ಮೇಡಮ್?"

"ಔಷಧಕ್ಕ ನೀರಡಿಕಿ ಆಗಂಗಿಲ್ಲ ಕಾಕಾ, ನಾಯಿಗೆ ಆಗ್ತದ," ಎಂದರು. ಆಮೇಲೆ ಸ್ಲೇಟಿನ ಮೇಲೆ ಬರೆದು ತೋರಿಸಿದಷ್ಟು ಸರಳವಾಗಿ ಹೇಳಿದರು. ಮೂತ್ರಪಿಂಡ ಬರೀ ಸೋಸುವ ಜರಡಿಯಲ್ಲ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾಗಿ ರಕ್ತದ ಒತ್ತಡ ಇಳಿದರೆ ಅದಕ್ಕೆ ಮೊದಲು ತಿಳಿಯುತ್ತದೆ. ಆಗ ಅದು ರೆನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ರಕ್ತದಲ್ಲಿ ಆಂಜಿಯೋಟೆನ್ಸಿನ್ ಎಂಬ ಇನ್ನೊಂದು ರಸ ಹುಟ್ಟುತ್ತದೆ. ಅದು ಮಿದುಳಿಗೆ ಹೋಗಿ, ನೀರು ಹುಡುಕು, ಕುಡಿ ಎನ್ನುತ್ತದೆ. ನೀರಿಳಿಸುವ ಔಷಧ ಕೊಟ್ಟಷ್ಟೂ ಮೂತ್ರಪಿಂಡ ಜೋರಾಗಿ ಕೂಗುತ್ತದೆ. ಕೂಗಿದರೂ ನೀರು ಸಿಗದಿದ್ದರೆ ರಕ್ತ ಗಟ್ಟಿಯಾಗಿ, ಕೊನೆಗೆ ಕೂಗಿದ ಮೂತ್ರಪಿಂಡವೇ ಸಾಯುತ್ತದೆ.

ನಾನು ರಸ್ತೆ ನೋಡುತ್ತಾ ಕೇಳಿದೆ. "ಎಮ್ಮಿಗೆ ಮೂರು ದಿನ ಆ ಸೂಜಿ ಕೊಟ್ಟು, ಬ್ಯಾಸಗ್ಯಾಗ ನೀರ ಬಂದ್ ಮಾಡಿ, ಮೂರನೇ ದಿನ ಸಂಜಿಕ ಎರಡು ಕೊಡ ಕುಡಿಸಿದ್ರ? ಆ ನೀರಿನಿಂದ ಸಾಯ್ತೈತೇನ್ರಿ?"

"ಅಷ್ಟರಾಗ ಎಲ್ಲಾ ಮುಗದಿರತದ. ಆ ನೀರು ತಡಾ ಆತು, ಅಷ್ಟ. ಕುಡಿಸಿದವರದು ಏನೂ ತಪ್ಪಿಲ್ಲ." ಸ್ವಲ್ಪ ಮುಂದೆ ಹೋಗಿ ಕೇಳಿದರು, "ಯಾರು ಬಂದ್ ಮಾಡಿಸಿದ್ರು?"

"ಯಾರೋ, ಕೇಳಿದ್ದೆ" ಎಂದೆ.

ಅಂದೇ ಯಲಬುರ್ಗಾ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಇಷ್ಟು ವರ್ಷವಾದ ಮೇಲೆ ಅವರು ಮರೆತಿರುತ್ತಾರೆ, ಯಾಕೆ ಕೆದಕಬೇಕು ಎಂದುಕೊಂಡೆ. ನಿವೃತ್ತನಾದೆ. ಹಾರ ಹಾಕಿದರು, ನಾಲ್ಕು ಒಳ್ಳೆಯ ಮಾತಾಡಿದರು.

ಕಳೆದ ವರ್ಷ ನನ್ನ ಕಾಲು ಬಾತವು. ಡಾಕ್ಟರು ಗುಳಿಗೆ ಬರೆದರು. ಚೀಟಿಯಲ್ಲಿ ಹೆಸರು ಓದಿದೆ. ಅದೇ ಔಷಧ, ದನಕ್ಕೆ ಸೂಜಿ, ಮನುಷ್ಯನಿಗೆ ಗುಳಿಗೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆಯನ್ನೂ ಹೇಳಿದ್ದರು. ಒಂದು ಮಧ್ಯಾಹ್ನ ಅಳತೆ ಮುಗಿದಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹೆಂಡತಿ ಬಚ್ಚಲ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ನಾನು ಆ ಒದ್ದೆ ಕಲ್ಲನ್ನೇ ನೋಡುತ್ತಾ ಕೂತಿದ್ದೇನೆ ಎಂದು ನನಗೇ ತಿಳಿದಾಗ ಎದ್ದು ಅಂಗಿ ಹಾಕಿಕೊಂಡೆ. ಯಲಬುರ್ಗಾ ಬಸ್ಸು ಹತ್ತಿದೆ.

ಅದೇ ಮನೆ, ತಗಡು ಹೊಸದು. ಶಂಕ್ರವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೂದಲು ಬೆಳ್ಳಗಾಗಿದ್ದವು.

"ನನ್ನ ಗುರುತ ಸಿಕ್ತೇನ ತಂಗಿ?"

"ಸಿಗದ ಏನ್ರಿ. ದನದ ಡಾಕ್ಟ್ರು. ಕೂದಲ ಹೋಗ್ಯಾವ, ದನಿ ಅದ ಐತಿ. ಕುಂಡ್ರಿ." ಒಳಗೆ ಕೂಗಿದಳು, "ರೇಣುಕಾ, ನೀರ ತಗಂಬಾರವ್ವ." ಸೊಸೆ ಚರಿಗೆ ತಂದಿಟ್ಟು ಒಳಗೆ ಹೋದಳು. ನಾನು ಮುಟ್ಟಲಿಲ್ಲ.

"ಎಮ್ಮಿ ನೀ ಕೊಟ್ಟ ನೀರಿಗೆ ಸಾಯಲಿಲ್ಲ ಶಂಕ್ರವ್ವ," ಎಂದೆ. "ನಾ ಕೊಡಬ್ಯಾಡ ಅಂದದ್ದಕ್ಕ ಸತ್ತಿತು. ಆ ಸೂಜಿ ಮಾಡಿದ ಮ್ಯಾಲೆ ನೀರ ಬಂದ್ ಮಾಡಬಾರ್ದು. ತಪ್ಪು ನಂದು. ನಿನ್ನ ಮ್ಯಾಲೆ ಹಾಕಿದೆ."

ಅವಳ ಕೈ ನಿಲ್ಲಲಿಲ್ಲ. ಸುಲಿಯುತ್ತಲೇ ಕೇಳಿದಳು. "ಯಾವಾಗ ಗೊತ್ತಾತು ನಿಮಗ?"

"ಅವತ್ತ ಅರ್ಧ ಗೊತ್ತಿತ್ತು. ಪೂರ್ತಿ ಗೊತ್ತಾಗಿ ಹತ್ತು ವರ್ಷ ಆತು."

"ಹತ್ತು ವರ್ಷ," ಎಂದಳು. ಕೈ ಈಗ ನಿಂತಿತು. "ಹತ್ತು ವರ್ಷದ ಹಿಂದ ಅತ್ತಿ ಇದ್ಲು."

ನಾನು ಚರಿಗೆಯ ಕಡೆ ನೋಡಿದೆ.

"ಆಕಿ ಹೋಗಿ ಐದು ವರ್ಷ ಆತು. ಅವತ್ತಿನಿಂದ ಆಕಿ ನನ್ನ ಕೈ ಛಲೋ ಅಲ್ಲ ಅಂತಿದ್ಲು. ಓಣ್ಯಾಗ ಯಾರದರ ದನ ಈದ್ರ ನನ್ನ ಕರೀತಿರ್ಲಿಲ್ಲ. ನಾನೂ ಹೋಗ್ತಿರ್ಲಿಲ್ಲ. ಅವತ್ತಿಂದ ಒಂದ ದನಕ್ಕೂ ನನ್ನ ಕೈಲೆ ನೀರ ಕುಡಿಸಿಲ್ರಿ. ಮೊದಲ ಅತ್ತಿ ಕುಡಸ್ತಿದ್ಲು, ಈಗ ರೇಣುಕಾ ಕುಡಸ್ತಾಳ." ಮೊರದಲ್ಲಿನ ಸಿಪ್ಪೆ ಸರಿಸಿದಳು. "ಅದು ಹೋಗ್ಲಿ. ಅತ್ತಿ ಜೀವ ಹೋಗೂ ಮುಂದ ಎಲ್ಲಾರೂ ಬಾಯಾಗ ಒಂದೊಂದು ಚಮಚ ನೀರ ಬಿಟ್ರು. ನಾನೂ ಹೋದೆ. ಮಾತ ನಿಂತಿದ್ವು ಆಕೀಗೆ. ನನ್ನ ಕೈ ನೋಡಿ ಮಕ ಆ ಕಡಿ ತಿರುವಿದ್ಲು."

ಹಿತ್ತಲಲ್ಲಿ ರೇಣುಕಾ ಪಾತ್ರೆ ಎತ್ತಿಡುವ ಸಪ್ಪಳ ಕೇಳುತ್ತಿತ್ತು.

"ಊರವರನ್ನ ಕರಿ," ಎಂದೆ. "ಎಲ್ಲಾರ ಮುಂದ ಹೇಳ್ತೀನಿ."

"ಯಾರನ್ನ ಕರೀಲಿ? ಅವತ್ತ ಇದ್ದವರು ಯಾರದಾರ? ಈಗಿನ ಹುಡುಗ್ರಿಗೆ ಎಮ್ಮಿ ಸತ್ತದ್ದ ಗೊತ್ತಿಲ್ಲ. ಶಂಕ್ರವ್ವನ ಕೈ ಬ್ಯಾಡ ಅನ್ನೂದಷ್ಟ ಗೊತ್ತೈತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕುಡೀರಿ ನೀರ. ದೂರದಿಂದ ಬಂದೀರಿ."

ನಾನು ಚರಿಗೆ ಎತ್ತಿದೆ. ಅವಳು ನೋಡುತ್ತಿದ್ದಳು. ಒಂದು ಗುಟುಕು ಇಳಿಸುವುದು ಅಷ್ಟು ಕಷ್ಟವೆಂದು ನನಗೆ ಅರವತ್ತೇಳು ವರ್ಷದಲ್ಲಿ ಗೊತ್ತಿರಲಿಲ್ಲ.

"ಇನ್ನ ಮ್ಯಾಲರೆ ಕುಡಸವ್ವ," ಎಂದೆ. "ಆ ಮೂರು ದಿನದಾಗ ಸರಿ ಕೆಲಸ ಮಾಡಿದ್ದು ನಿನ್ನ ಕೈ ಒಂದ."

ಅವಳು ಶೇಂಗಾದ ಮಣ್ಣು ಹತ್ತಿದ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಆಕಳು ಕೂಗಿತು. ಅದರ ಬಾನಿ ಬತ್ತಿತ್ತು. ತುಂಬಿದ ಕೊಡ ಶಂಕ್ರವ್ವನ ಮಗ್ಗುಲಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಅವಳು ಕೊಡವನ್ನು ನೋಡಿದಳು, ಆಕಳನ್ನು ನೋಡಿದಳು.

"ರೇಣುಕಾ," ಎಂದು ಒಳಗೆ ಕೂಗಿದಳು. "ಆಕಳಿಗೆ ನೀರಡಿಸೈತಿ. ಬಂದು ಹಾಕವ್ವ."